ದಿನಕ್ಕೆ ಎಂಟು ಅರ್ಧ ಬಟ್ಟಲು

ಫೆಬ್ರವರಿ ಹನ್ನೆರಡು, ಬುಧವಾರ, ಬೆಳಿಗ್ಗೆ ಏಳೂವರೆಗೆ ಮಾನ್‌ಸ್ಟೆರಾ ಗಿಡದ ನಾಲ್ಕನೆಯ ಎಲೆಯೂ ಹಳದಿಯಾಗಿದ್ದನ್ನು ಬಾತ್ಮಾ ನೋಡಿದಳು. ಹಸಿರಾಗಿ ಉಳಿದಿದ್ದವು ಏಳು.

ಗಿಡ ಅವಳದ್ದಲ್ಲ. ಎದುರು ಕಟ್ಟಡದ ಭೂಗೋಳದ ಟೀಚರ್ ಜುಮಾಗುಲ್ ಹನ್ನೆರಡು ವರ್ಷ ಸಾಕಿದ್ದು. ಮೂರು ವಾರದ ಹಿಂದೆ ತರಬೇತಿಗೆಂದು ಓಷ್ ನಗರಕ್ಕೆ ಹೋಗುವಾಗ ನಾರಿನ್ ಪಟ್ಟಣದಲ್ಲೆಲ್ಲ ಬಾತ್ಮಾಳೊಬ್ಬಳನ್ನೇ ನಂಬಿ ಅವಳ ಮನೆಯಲ್ಲಿ ಬಿಟ್ಟುಹೋಗಿದ್ದಳು. ಶನಿವಾರ ಹಿಂದಿರುಗುವವಳಿದ್ದಳು.

ಗಂಡ ಕಾದಿರ್ ಮಣ್ಣಿಗೆ ಬೆರಳು ಚುಚ್ಚಿದ. ಎರಡನೆಯ ಗೆಣ್ಣಿನವರೆಗೂ ಕೆಸರು.

"ಏನೇ ಬಾಯ್‌ಬಿಚೆ, ಮನೆ ಯಜಮಾನ್ತಿ, ಭತ್ತ ನಾಟಿ ಮಾಡ್ತೀಯಾ?"

"ದಿನಕ್ಕೆ ಎಂಟೇ ಸಲ ಕೊಟ್ಟಿದ್ದು. ಅದೂ ಅರ್ಧರ್ಧ ಬಟ್ಟಲು."

"ಹತ್ತು ದಿನಕ್ಕೊಂದ್ಸಲ, ತಳದಿಂದ ಇಳಿಯೋ ಹಾಗೆ ಸುರೀರಿ ಅಂದಿದ್ಳಲ್ಲ ಟೀಚರಮ್ಮ?"

"ಅಂದಿದ್ಳು. ಮನೆಗೆ ಬಂದೋರಿಗೆ ಚಹಾ ಬಟ್ಟಲು ತುಂಬಿಸಿ ಕೊಟ್ರೆ 'ಕುಡಿದು ಎದ್ದು ಹೋಗಿ' ಅಂದ ಹಾಗೆ. ನಲವತ್ತು ವರ್ಷದಲ್ಲಿ ಈ ಮನೇಲಿ ಯಾರಿಗಾದ್ರೂ ಹಾಗೆ ಕೊಟ್ಟಿದ್ದೀನಾ?"

"ನಿಮ್ಮಣ್ಣನಿಗೆ ಕೊಟ್ಟಿದ್ದೆ."

"ಅವನು ಹೋಗ್ಲಿಲ್ವಲ್ಲ."

ಒಂಬತ್ತಕ್ಕೆ ಬಾತ್ಮಾ ಆ ಹೊತ್ತಿನ ಅರ್ಧ ಬಟ್ಟಲು ನೀರು ತಂದಳು. ವಾದದಿಂದ ಉಪಯೋಗವಿಲ್ಲವೆಂದು ಕಾದಿರ್‌ಗೆ ಗೊತ್ತಿತ್ತು. ಅವನು ಬಟ್ಟಲನ್ನು ಇಸಕೊಂಡು ಗಿಡದ ಬುಡದಲ್ಲಿಟ್ಟ. ಅತಿ ದೊಡ್ಡ ಎಲೆಯನ್ನು ಬಗ್ಗಿಸಿ ಬಟ್ಟಲಿನ ಬಾಯಿ ಮುಚ್ಚಿದ. ಚಹಾ ಸಾಕಾದ ಅತಿಥಿ ಬಟ್ಟಲಿನ ಮೇಲೆ ಅಂಗೈ ಇಡುವುದು ಹೀಗೆಯೇ.

"ನೋಡು, ಸಾಕು ಅಂತಿದೆ."

"ನೀವು ಅನ್ನಿಸ್ತಿದ್ದೀರಿ."

"ಬಂದೋರಿಗೆ ಒತ್ತಾಯ ಮಾಡೋದು ಎಷ್ಟು ಸಲ?"

"ಮೂರು ಸಲ."

"ಮೂರು ವಾರ ಮಾಡಿದ್ದೀಯ."

ಬಾತ್ಮಾ ಎಲೆಯಡಿಯಿಂದ ಬಟ್ಟಲನ್ನು ಎತ್ತಿಕೊಂಡಳು. ನಂತರ ನೀರನ್ನು ಬಚ್ಚಲಿಗೆ ಚೆಲ್ಲಿ ಕತ್ತರಿ ತಂದಳು. ಇಬ್ಬರೂ ಹಳೆಯ ಪತ್ರಿಕೆ ಹಾಸಿ ಗಿಡವನ್ನು ಕುಂಡದಿಂದ ಎಳೆದರು. ಕೊಳೆತ ಬೇರಿನ ವಾಸನೆ ಅಡುಗೆಮನೆಯವರೆಗೂ ಹೋಯಿತು. ಕಪ್ಪಗಿದ್ದುದನ್ನೆಲ್ಲ ಕತ್ತರಿಸಿ, ಗಟ್ಟಿಯಿದ್ದ ಬೇರುಗಳನ್ನು ಒಣಮಣ್ಣಿಗೆ ಕೂರಿಸಿದರು. ಮೂರು ದಿನ ಅದಕ್ಕೆ ಹನಿ ನೀರೂ ಕೊಡದೆ, ಬಾತ್ಮಾ ಗಿಡದ ಕಡೆ ಬೆನ್ನು ಮಾಡಿಕೊಂಡೇ ಚಹಾ ಕುಡಿದಳು.

ಶನಿವಾರ ಹನ್ನೊಂದಕ್ಕೆ ಜುಮಾಗುಲ್ ಬಂದಳು. ಅವಳು ಬೂಟು ಬಿಚ್ಚುವ ಮೊದಲೇ ಬಾತ್ಮಾ ಹೇಳಿಬಿಟ್ಟಳು:

"ನಾಲ್ಕು ಎಲೆ ಸತ್ತವು. ನಂದೇ ತಪ್ಪು. ಉಪಚಾರ ಜಾಸ್ತಿಯಾಯ್ತು."

ಜುಮಾಗುಲ್ ಉಳಿದವನ್ನು ಎಣಿಸಿದಳು, ಬುಡ ಅಲ್ಲಾಡಿಸಿ ನೋಡಿದಳು.

"ಏಳಿದೆಯಲ್ಲ ಎಜೆ, ನನ್ನಕ್ಕಾ. ಬದುಕುತ್ತೆ. ಬೇಸಿಗೇಲಿ ನಾನು ಮತ್ತೆ ಬೇರೆ ಊರಿಗೆ ಹೋಗ್ಬೇಕು, ಆಗ..."

"ಆಗ ಕಾದಿರ್‌ನ ಕೇಳು," ಎಂದಳು ಬಾತ್ಮಾ.

ಹೊರಗೆ ಚಳಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿತ್ತು. ಗಿಡವನ್ನು ಎರಡು ಕಂಬಳಿಗಳಲ್ಲಿ ಸುತ್ತಿ, ಮೂವರೂ ಸೇರಿ ಅಂಗಳ ದಾಟಿಸಿದರು. ಏಪ್ರಿಲ್ ಒಂಬತ್ತರಂದು ಅದರಲ್ಲಿ ಹೊಸ ಎಲೆ ಬಿಚ್ಚಿತು.