ಎಂಟನೆಯ ದಿನದ ಚಿತ್ರ

ಬಲಗಡೆಯ ಜಡೆ ಮುಗಿಯಿತು, ಎಡಗಡೆಗೆ ಬಾಚಣಿಗೆ ಇಟ್ಟರೆ ನೆತ್ತಿಯ ಹತ್ತಿರವೇ ಸಿಕ್ಕು, ಅಲ್ಲಾಡಬೇಡ ಪುಟ್ಟಿ, ನಾನೆಲ್ಲಿ ಅಲ್ಲಾಡ್ತಿದೀನಿ, ನೀನೇ ಎಳೀತಿರೋದು, ಏಳು ವರ್ಷಕ್ಕೆ ಎಷ್ಟು ಮಾತು, ಹೊರಳಾಡಿ ಎದ್ದ ತಲೆ ಥೇಟ್ ಮೊದಲ ದಿನದ ಕೋಶದ ಹಾಗೆ, ನಡುವೆ ಒಂದು ಬಿಂದು, ಅಲ್ಲಿಂದ ಸುತ್ತಲೂ ಚೆದರಿದ ಎಳೆಗಳು — ಲ್ಯಾಬಿನಲ್ಲಿ ಸೂಕ್ಷ್ಮನಳಿಕೆ ಎನ್ನುತ್ತೇವೆ, ಕೂದಲಿಗಿಂತ ಸಾವಿರಾರು ಪಾಲು ಸಪೂರ, ಹಸಿರು ಬಣ್ಣ ಹಿಡಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟರಷ್ಟೇ ಕಾಣುವುದು — ಅಷ್ಟರಲ್ಲಿ ಫೋನು. ಅಕ್ಕ. ಒಡಹುಟ್ಟಿದವಳಲ್ಲ, ಲ್ಯಾಬಿನ ವಿಜ್ಞಾನಿ, ನಾನು ಅವಳ ಕೈಕೆಳಗೆ ಕೋಶ ಬೆಳೆಸಿ ಚಿತ್ರ ತೆಗೆಯುವ ಟೆಕ್ನಿಷಿಯನ್, ಒಂಬತ್ತು ವರ್ಷ ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಂಡವರು, ಪುಟ್ಟಿಗೆ ಅವಳು ದೊಡ್ಡಮ್ಮ. ಎರಡೂ ಕೈಯಲ್ಲಿ ಕೂದಲು, ಮೊಣಕೈಯಿಂದಲೇ ಸ್ಪೀಕರ್ ಒತ್ತಿದೆ. ಏನೇ, ಎದ್ದಿದ್ದೀಯಾ, ಕೇಳು, ವಿಜ್ಞಾನ ಪತ್ರಿಕೆಯವರು ಕಾಗದ ಬರೆದಿದ್ದಾರೆ, ನಮ್ಮ ಲೇಖನದಲ್ಲಿ ಎರಡು ಚಿತ್ರ ಒಂದೇ ಅಂತೆ, ಯಾವನೋ ಕೆಲಸ ಇಲ್ದೋನು ಭೂತಗನ್ನಡಿ ಹಿಡ್ಕೊಂಡು ಕೂತಿದ್ದಾನೆ, ಹತ್ತು ಗಂಟೆಗೆ ಪ್ರೊಫೆಸರ್ ಕರೀತಾರೆ, ತಪ್ಪು ಫೈಲು ನಾನೇ ಕೊಟ್ಟೆ ಅಂತ ಒಂದು ಸಾಲು ಬರ್ಕೊಡು ಸಾಕು, ಟೆಕ್ನಿಷಿಯನ್ ಕೈತಪ್ಪು ಅಂದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ನಾನು ಅಂದ್ರೆ ನನ್ನ ಕಥೆ ಮುಗೀತು ಕಣೇ. ಹೂಂ ಅಕ್ಕ, ಎಂದೆ. ಎಂದುಬಿಟ್ಟೆ. ನನ್ನಿಂದಲೇ ಆಗಿರ್ಬೇಕು ಬಿಡು. ಫೋನು ಕತ್ತಲಾಯಿತು. ಕನ್ನಡಿಯಲ್ಲಿ ಪುಟ್ಟಿ ಬಾಯಿ ತೆರೆದಳು, ಮುಚ್ಚಿದಳು, ಏನೇ, ಏನಿಲ್ಲ.

ಕೋಶಗಳಿಗೆ ಉಣಿಸುವುದನ್ನು ಕಲಿಸಿದವಳೇ ಅಕ್ಕ, ಮೊದಲು ಹೊಟ್ಟೆ ತುಂಬ ಕೊಡು, ಆಮೇಲೆ ಕಡಿಮೆ ಮಾಡು, ಅಯ್ಯೋ ಪಾಪ ಅನ್ನಬೇಡ, ಹಸಿದರೇನೇ ಅವು ಒಂದಕ್ಕೊಂದು ಅಂಟಿ ಸ್ನಾಯು ಆಗೋದು, ರಜಾ ದಿನವೂ ಹೋಗಿ ನೋಡಿದ್ದೇನೆ, ಬಿಡಿಬಿಡಿ ಕೋಶಗಳು ಕೂಡಿ ಉದ್ದವಾಗುವಾಗ ನಡುವಿನ ಬಿಂದು ಕೆಲಸ ಬಿಡುತ್ತದೆ, ಎಳೆಗಳು ಕೋಶಕೇಂದ್ರಗಳ ಅಂಚಿನಿಂದ ಹುಟ್ಟಿ ಉದ್ದಕ್ಕೆ ಸಾಲು ಹಿಡಿಯುತ್ತವೆ, ಮೈಯೊಳಗೆ ಪೂರ್ತಿ ಬಲಿತ ಸ್ನಾಯುವಿನಲ್ಲಿ ಉದ್ದ ಅಡ್ಡ ಸೇರಿ ಬಲೆ, ಯಾರು ಹೇಳಿಕೊಟ್ಟರು ಇವಕ್ಕೆ, ನನಗಂತೂ ಒಂದು ಜಡೆ ನೆಟ್ಟಗೆ ಬರುವುದಿಲ್ಲ. ಎಂಟನೆಯ ದಿನ ಚಿತ್ರ ತೆಗೆದೆ, ಆರೋಗ್ಯದ ಕೋಶಗಳಲ್ಲಿ ಬಾಚಿದ ಹಾಗೆ ಸಾಲು, ಸ್ನಾಯು ಸೊರಗುವ ಕಾಯಿಲೆಯ ಮಕ್ಕಳ ಕೋಶಗಳಲ್ಲಿ, ಹೊಸ ಔಷಧಿ ಕೊಟ್ಟ ಮೇಲೂ, ತುಳಿದ ಹುಲ್ಲಿನ ಹಾಗೆ ಅಡ್ಡಾದಿಡ್ಡಿ. ಔಷಧಿ ನಾಟಲಿಲ್ಲ ಅಕ್ಕ. ಅವಳು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಫೈಲು ನನಗೆ ಕಳಿಸಿರು, ನೋಡ್ತೀನಿ. ನೋಡಿದಳು. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಎಡಕ್ಕೆ ಆರೋಗ್ಯದ್ದು, ಬಲಕ್ಕೆ ಔಷಧಿ ಕೊಟ್ಟದ್ದು, ಎರಡರಲ್ಲೂ ಬಾಚಿದ ಸಾಲು, ಚಿತ್ರಗಳು ಎಂದು ಕೆಳಗೆ ನನ್ನ ಹೆಸರು, ಇದೇ ಮೇಜಿನ ಮೇಲೆ ಪುಟವನ್ನು ತಲೆಕೆಳಗು ಮಾಡಿದೆ — ಬಲಗಡೆಯದು ಎಡಗಡೆಯದನ್ನೇ ತಿರುಗಿಸಿ ಹಾಕಿದ್ದು, ಒಂದೇ ಚಿತ್ರ. ಏನಮ್ಮ ಅದು, ಎಂದು ಪುಟ್ಟಿ ಇಣುಕಿದಳು, ನಾನು ಕೊಟ್ಟಿದ್ದು ಇದಲ್ಲ ಪುಟ್ಟಿ, ಎಂದಿದ್ದೆ, ತಿಂಗಳಾಯಿತು, ಬೇರೆ ಯಾರಿಗೂ ಹೇಳಿಲ್ಲ, ಅಕ್ಕ ತಾನಾಗಿಯೇ ಹೇಳುತ್ತಾಳೆ ಎಂದು ಕಾದೆ, ದಿನಾ ಎದುರು ಕೂತು ಉಂಡಳು, ಉಪ್ಪು ಹೆಚ್ಚಾಗಿದೆ ಕಣೇ ಎಂದಳು, ಅದೊಂದನ್ನು ಬಿಟ್ಟು ಎಲ್ಲ ಮಾತಾಡಿದಳು.

ಹೇಗೆ ಗೊತ್ತಾಯಿತು ಎಂದರೆ, ಆ ನೂಲು. ಚಿತ್ರ ತೆಗೆದ ದಿನ ಪುಟ್ಟಿಗೆ ಜ್ವರ, ಎತ್ತಿಕೊಂಡು ಓಡಿ ಪಕ್ಕದ ಮನೆಯಲ್ಲಿ ಬಿಟ್ಟು ಲ್ಯಾಬಿಗೆ ಹೋದವಳು, ಪುಟ್ಟಿಗೆ ಅಕ್ಕನೇ ಹೆಣೆದುಕೊಟ್ಟ ಹಳದಿ ಸ್ವೆಟರಿನ ಒಂದು ನೂಲು ನನ್ನ ತೋಳಿನಿಂದ ಆರೋಗ್ಯದ ಕೋಶಗಳ ಗಾಜಿನ ಮೇಲೆ ಬಿತ್ತು, ಚಿತ್ರದ ಮೂಲೆಯಲ್ಲಿ ಕುಡುಗೋಲಿನ ಹಾಗೆ ಬಾಗಿ ಹೊಳೆಯಿತು, ಇನ್ನೊಂದು ತೆಗೀಲಾ ಅಕ್ಕ, ಬೇಡ್ವೇ, ಇರಲಿ ಬಿಡು, ನಮ್ ಪುಟ್ಟಿ ಮೊದಲ್ನೇ ಸಲ ಲ್ಯಾಬಿಗೆ ಬಂದಿದ್ದಾಳೆ ಎಂದು ಎಷ್ಟು ನಕ್ಕಳು. ಬಲಗಡೆಯ ಚಿತ್ರದಲ್ಲಿ ಅದನ್ನು ಅಳಿಸಿದ್ದಾಳೆ. ಪೂರ್ತಿ ಹೋಗಿಲ್ಲ, ತುದಿ ಉಳಿದಿದೆ. ಪುಟ್ಟಿಯ ನೂಲು ಎಂದು ಗೊತ್ತಿದ್ದೂ ಕೂತು ಅಳಿಸಿದ್ದಾಳೆ, ಚಿತ್ರ ತಿರುಗಿಸಿದ್ದಕ್ಕಿಂತ ಅದೇ ಹೆಚ್ಚು ಉರಿಯುತ್ತದೆ, ಛೆ, ಎಂಥ ತಾಯಿ ನಾನು, ಎಲ್ಲೋ ಒಂದು ಮನೆಯಲ್ಲಿ ಮೆಟ್ಟಿಲು ಹತ್ತಲಾಗದ ಮಗುವಿನ ಅಮ್ಮ ಆ ಔಷಧಿಯನ್ನು ನಂಬಿ ದಿನ ಎಣಿಸುತ್ತಿರುತ್ತಾಳೆ, ನನಗೆ ನೂಲಿನ ಚಿಂತೆ, ಮತ್ತೆ ಹೂಂ ಬೇರೆ ಎಂದೆ, ಅವಳ ದನಿಯಲ್ಲಿ ಕಣೇ ಎಂದ ಕೂಡಲೇ ನನ್ನ ನಾಲಿಗೆ ತಾನಾಗಿಯೇ ಹೂಂ ಎನ್ನುತ್ತದೆ, ಒಂಬತ್ತು ವರ್ಷದ ರೂಢಿ, ಹತ್ತು ಗಂಟೆಗೆ ಪೆನ್ನು ಕೊಡುತ್ತಾರೆ, ಒಂದು ಸಾಲು, ಬರೆದರೆ — ಬರೆಯದಿದ್ದರೆ ಅವಳ ಮುಖ ಹೇಗೆ — ಹಸಿರು ಸಾಲುಗಳು, ಮೂಲೆಯಲ್ಲಿ ಆ ಹೊಳೆಯುವ ತುದಿ, ಅಳಿಸಿದರೂ ಹೋಗದ ತುದಿ, ಆ ತುದಿ —

ಕೈಯೊಳಗಿನ ಜಡೆ ಜಾರಿತು. ಪುಟ್ಟಿ ಪೂರ್ತಿ ನನ್ನ ಕಡೆಗೆ ತಿರುಗಿದ್ದಳು.

ಅಮ್ಮ, ಈಗ ಸುಳ್ಳು ಹೇಳಿದ್ದು ದೊಡ್ಡಮ್ಮಾನಾ, ನೀನಾ?