ಒಂದನೇ ತರಗತಿಯ ತರಕಾರಿ ಅಂಗಡಿ

"ಇದು ಇಸ್ಕೂಲಾ, ಸಂತೆಯಾ ಅಮ್ಮಾ?"

ಹೆಡ್‌ಮಾಸ್ಟರ್ ಗೋವಿಂದಯ್ಯ ಒಂದನೇ ತರಗತಿಯ ಬಾಗಿಲಲ್ಲಿ ನಿಂತು ಕೇಳಿದರು. ಒಳಗೆ ಗೋಣಿತಾಟಿನ ಮೇಲೆ ಬಿಸಿಯೂಟಕ್ಕೆ ತಂದಿದ್ದ ಟೊಮೆಟೊ, ಈರುಳ್ಳಿ, ಹೀರೇಕಾಯಿ ಗುಡ್ಡೆ ಬಿದ್ದಿದ್ದವು. ಅಡುಗೆಯ ಮಲ್ಲಮ್ಮನ ಮಗಳು ಭವ್ಯ ಅಂಗಡಿಯವಳಾಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಉಳಿದ ಹದಿನೆಂಟು ಮಕ್ಕಳು ಸಾಲಾಗಿ ಬಂದು "ಗಿವ್ ಮಿ ಆನಿಯನ್" ಎಂದು ಕೇಳಿ, ಈಸಿಕೊಂಡು, ಕುಣಿಯುತ್ತ ಹೋಗುತ್ತಿದ್ದವು.

"ಆಟದಲ್ಲೇ ಪದ ಕಲಿಸ್ತಿದ್ದೀನಿ ಸರ್," ಎಂದಳು ಅಜೀಜಾ ಟೀಚರ್.

ಗೋವಿಂದಯ್ಯನವರಿಗೆ ಮೈ ಉರಿಯಿತು. ಎರಡು ಸಾವಿರದ ಏಳರ ಆ ವರ್ಷ ಸರ್ಕಾರಿ ಶಾಲೆಯ ಒಂದನೇ ತರಗತಿಗೂ ಇಂಗ್ಲಿಷ್ ಬಂದಿತ್ತು. ಚಾಮರಾಜನಗರದ ತರಬೇತಿಯಲ್ಲಿ, ಐವತ್ತಾರು ದಾಟಿದ ಅವರನ್ನು ಕಪ್ಪೆಯ ಹಾಗೆ ನೆಗೆಸಿ "ಫ್ರಾಗ್, ಫ್ರಾಗ್" ಅನ್ನಿಸಿದ್ದರು. ಎರಡನೇ ದಿನವೇ ಸೊಂಟನೋವೆಂದು ಬರೆದುಕೊಟ್ಟು ಎದ್ದು ಬಂದಿದ್ದರು. ಅವರ ಇಂಗ್ಲಿಷ್ ಬೆಳೆದದ್ದು ಹುಣಿಸೇ ಬರಲಿನ ಏಟಿನಲ್ಲಿ. ಟೆನ್ಸು, ವಾಯ್ಸು ಇವತ್ತಿಗೂ ಬಾಯಿಪಾಠ. ಈಗ ದರ್ಜಿ ಅಜ್ಮತ್ ಉಲ್ಲಾನ ಮಗಳು, ಮನೆಯಲ್ಲಿ ಉರ್ದು ಆಡುವವಳು, ಶಾಲಾ ಸಮಿತಿಯವರು ತಾತ್ಕಾಲಿಕವಾಗಿ ಇಟ್ಟುಕೊಂಡವಳು, ತರಕಾರಿ ಮಾರಿ ಇಂಗ್ಲಿಷ್ ಕಲಿಸುತ್ತಾಳಂತೆ! ಅವಳನ್ನು ಮುಂದುವರಿಸಬೇಕೋ ಬೇಡವೋ ಎಂದು ಶನಿವಾರದೊಳಗೆ ಗೋವಿಂದಯ್ಯನವರೇ ಸಮಿತಿಗೆ ಬರೆದುಕೊಡಬೇಕಿತ್ತು.

"ನೋಡೇಬುಡ್ತೀನಿ ನಿಮ್ಮ ಯಾಪಾರವ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಬೇಕೆಂದೇ ಹೀರೇಕಾಯಿಯತ್ತ ಕೈ ತೋರಿಸಿದರು. ಅದಕ್ಕೆ ಇಂಗ್ಲಿಷೇ ಇಲ್ಲವೆಂದು ಅವರ ನಂಬಿಕೆ.

"ಇದ ಒಂದು ಕೊಡಮ್ಮಿ."

"ಇಂಗ್ಲೀಸಲ್ಲಿ ಕೇಳಿ ಸಾ."

ಅವರು ಮೀಸೆಯಲ್ಲೇ ನಕ್ಕರು. "ಗಿವ್ ಮಿ ದಿಸ್."

ಭವ್ಯ ಹೀರೇಕಾಯಿಯನ್ನು ಮಡಿಲಿಗೆ ಎಳೆದುಕೊಂಡಳು. "ದಿಸ್ ಅಂದ್ರೆ ಕೊಡಾಕಿಲ್ಲ ಸಾ. ಎಸ್ರು ಯೋಳ್ಬೇಕು."

ಗೋವಿಂದಯ್ಯ ಗಂಟಲು ಸರಿಮಾಡಿಕೊಂಡರು. "ನಿಂಗೆ ಗೊತ್ತಿದ್ರೆ ನೀನೇ ಯೋಳು ನೋಡನ."

"ರಿಡ್ಜ್ ಗೋರ್ಡ್!" ಎಲ್ಲ ಮಕ್ಕಳೂ ಒಟ್ಟಿಗೆ ಕೂಗಿದವು. ಹಿಂದಿನಿಂದ ಒಂದು ಮಗು ಅಕ್ಕರೆಯಿಂದ, "ನೀವೂ ಒಂದ್ಸಲ ಅನ್ನಿ ಸಾ, ಬತ್ತದೆ," ಎಂದಿತು.

ಮಕ್ಕಳು ಗೊಳ್ಳೆಂದು ನಕ್ಕವು.

"ಸರ್‌ಗೆ ಗೊತ್ತು ಕಣ್ರೋ," ಅಜೀಜಾ ತಟ್ಟನೆ ನಡುವೆ ಬಂದಳು. "ನಿಮ್ಮನ್ನ ಪರೀಕ್ಷೆ ಮಾಡೋಕೆ ಸುಮ್ನಿದ್ದಾರೆ."

ಮಕ್ಕಳ ನಗುವನ್ನಾದರೂ ಅವರು ನುಂಗಿಕೊಳ್ಳುತ್ತಿದ್ದರೇನೋ. ತಮ್ಮ ಮಾನ ಕಾಯಲು ಆ ಹುಡುಗಿ ಹೇಳಿದ ಸುಳ್ಳು ಎದೆಗೆ ಚುಚ್ಚಿತು.

"ಎತ್ತಿ ಇದ್ನೆಲ್ಲಾ! ಉಣ್ಣೋ ಪದಾರ್ಥದಲ್ಲಿ ಆಟವಾ?" ಎಂದು ಗೋಣಿತಾಟನ್ನು ಕಾಲಿನಿಂದ ಸರಿಸಿದರು. ಟೊಮೆಟೊಗಳು ಗೋಡೆಯವರೆಗೂ ಉರುಳಿದವು. ಮಕ್ಕಳು ಆಯಲು ಹೋಗಲಿಲ್ಲ.

ಶುಕ್ರವಾರ ಅವರು ಬರೆದುಕೊಟ್ಟರು: "ಶಿಸ್ತು ಕಾಪಾಡುವುದಿಲ್ಲ. ಮುಂದುವರಿಸುವ ಅಗತ್ಯವಿಲ್ಲ."

ಶನಿವಾರ ಶಾಲೆ ಬಿಟ್ಟ ಮೇಲೆ ಅಜೀಜಾ ಆಫೀಸಿಗೆ ಬಂದು, ತಾನೇ ಬರೆದ ಚಿತ್ರದ ರಟ್ಟುಗಳನ್ನು ಮೇಜಿನ ಮೇಲಿಟ್ಟಳು. ಯಾಕೆಂದು ಕೇಳಲಿಲ್ಲ.

"ಭವ್ಯ ಇನ್ನೂ ಬಿ, ಡಿ ಅದಲುಬದಲು ಬರೀತಾಳೆ ಸರ್. ಸ್ವಲ್ಪ ನೋಡ್ಕೊಳ್ಳಿ."

ಗೋವಿಂದಯ್ಯ ಅವಳ ಮುಖದಲ್ಲಿ ಸಿಟ್ಟು ಹುಡುಕಿದರು. ಸಿಗಲಿಲ್ಲ. 'ಎಷ್ಟು ಸೊಕ್ಕು ನೋಡು' ಅಂದುಕೊಂಡರು. ಅವಳು ಚಾಮರಾಜನಗರದ ಬಸ್ಸು ಹತ್ತಿ ಹೋದಳು.

ಸೋಮವಾರ ಒಂದನೇ ತರಗತಿಗೆ ಅವರೇ ಹೋದರು. ಬೋರ್ಡಿನ ಮೇಲೆ ಎ ಬಿ ಸಿ ಡಿ ಬರೆದು ಹತ್ತು ಸಲ ತಿದ್ದಲು ಹೇಳಿದರು. ಸ್ಲೇಟಿನ ಮೇಲೆ ಬಳಪ ಕಿರುಗುಟ್ಟುವುದನ್ನು ಬಿಟ್ಟರೆ ಒಂದು ಉಸಿರಿಲ್ಲ. ಶಾಲೆಯೆಂದರೆ ಹೀಗಿರಬೇಕು ಅನ್ನಿಸಿತು.

ಸಂಜೆ ಮೊಪೆಡ್ ಏರಿ ಉಡಿಗಾಲದ ಕಡೆಗೆ ಹೊರಟಾಗ ಮುಂದೆ ಮಕ್ಕಳ ಗುಂಪು ಹೋಗುತ್ತಿತ್ತು. ಭವ್ಯ ಕಂಡದ್ದಕ್ಕೆಲ್ಲ ಬೆರಳು ತೋರುತ್ತಿದ್ದಳು, ಉಳಿದವು ಕೂಗುತ್ತಿದ್ದವು. "ಗೋಟ್! ಟ್ರೀ! ಸ್ಟೋನ್!"

ಮೊಪೆಡ್ಡಿನ ಸದ್ದಿಗೆ ಅವಳು ತಿರುಗಿದಳು. ಬೆರಳು ಹಾಗೇ ಅವರ ಮೇಲೆ ಬಂದು ನಿಂತಿತು. ಮರುಗಳಿಗೆಯೇ ಅವಳು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಮಕ್ಕಳೆಲ್ಲ ಅರಿಶಿನದ ಹೊಲದ ಬದುವಿಗೆ ಸರಿದು ಕೈಕಟ್ಟಿ ನಿಂತವು.

ಗೋವಿಂದಯ್ಯ ದಾಟಿಹೋದ ಮೇಲೆ ಮೊಪೆಡ್ಡಿನ ವೇಗ ತಗ್ಗಿಸಿದರು. ಬೆನ್ನ ಹಿಂದೆ ಏನನ್ನಾದರೂ ಕೂಗಿಯಾವೆಂದು ತಿರುವಿನವರೆಗೂ ಕಿವಿಗೊಟ್ಟರು. ಕನ್ನಡಿಯಲ್ಲಿ ಮಕ್ಕಳು ಸಾಲಾಗಿ, ತುಟಿ ಬಿಚ್ಚದೆ, ಇನ್ನೂ ನಿಂತೇ ಇದ್ದವು.