ಹುಣ್ಣಿಮೆಯ ಸೊಪ್ಪು

ಯಾರ ಬೇಲಿ ಯಾರ ಗದ್ದೆಯೊಳಕ್ಕೆ ಸರಿಯಿತು, ಯಾರ ಎಮ್ಮೆ ಯಾರ ಸಸಿ ಮೇಯಿತು ಎಂಬ ತಕರಾರು ಹುಟ್ಟಿದರೆ ಜನ ಮೊದಲು ಬರುತ್ತಿದ್ದುದು ಮಂಜುನಾಥಪ್ಪನ ಜಗಲಿಗೆ. ರಿಪ್ಪನ್‌ಪೇಟೆಯ ಆಸುಪಾಸಿನ ದೀವರ ಕೇರಿಗಳಲ್ಲಿ ಅವನ ಮಾತಿಗೆ ತೂಕವಿತ್ತು. ತಪ್ಪು ಮಾಡಿದವನನ್ನು ಎದುರಿಗೆ ಕೂರಿಸಿಕೊಂಡು, "ಬಾಯ್ಬಿಟ್ಟು ಒಪ್ಕಂಡ್ರೆ ಅರ್ಧ ಭಾರ ಇಳೀತದೆ ಮಾರಾಯ, ಹೇಳು" ಎನ್ನುತ್ತಿದ್ದ. ಎಂಥ ಹಟಮಾರಿಯೂ ಕಡೆಗೆ ಬಾಯಿಬಿಡುತ್ತಿದ್ದ. ಅಂಥ ಮಂಜುನಾಥಪ್ಪ ಈಗ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹೆಂಡತಿ ಮಾಸ್ತಮ್ಮ ಅವನ ಕಾಲಬುಡದಲ್ಲಿ ನಿಂತು, ತನ್ನದಲ್ಲದ ತಪ್ಪಿಗೆ ಡಾಕ್ಟರರಿಂದ ಮಾತು ಕೇಳುತ್ತಿದ್ದಳು. ಅವನು ತುಟಿ ಬಿಚ್ಚಲಿಲ್ಲ.

ನಡೆದದ್ದು ಇಷ್ಟು. ಅವನ ಹೃದಯದ ಬಡಿತ ಲಯ ತಪ್ಪಿ ಬಹುಕಾಲವಾಗಿತ್ತು. ಮೊದಮೊದಲು ಗೊಬ್ಬರದ ಬುಟ್ಟಿ ಹೊತ್ತಾಗ ಮಾತ್ರ ಎದೆಯೊಳಗೆ ಕೋಳಿಮರಿಯನ್ನು ಹಿಡಿದಿಟ್ಟಂತೆ ಪಟಪಟ ಎನ್ನುತ್ತಿತ್ತು. ಬರಬರುತ್ತ ಆ ಮರಿ ಅಲ್ಲೇ ಗೂಡು ಹೂಡಿತು. ಮಾತ್ರೆ ನುಂಗಿದ್ದಾಯಿತು, ಎದೆಗೆ ಕರೆಂಟು ಕೊಟ್ಟು ದಾರಿಗೆ ತಂದದ್ದೂ ಆಯಿತು. ಕೆಲವು ವಾರ ನೆಟ್ಟಗೆ ನಡೆದ ಹೃದಯ ಮತ್ತೆ ಹಳೆಯ ಚಾಳಿಗೆ ಬಿತ್ತು. ಕಡೆಗೆ ಡಾಕ್ಟರ್ ಗೌತಮ್ ಶಸ್ತ್ರಚಿಕಿತ್ಸೆಯ ಮಾತು ತೆಗೆದರು.

"ಎದೆಮೂಳೆ ಸೀಳುವುದಿಲ್ಲ. ಪಕ್ಕೆಲುಬಿನ ನಡುವೆ ಸಣ್ಣ ಸಣ್ಣ ತೂತು ಮಾಡಿ, ಒಳಗೆ ಕ್ಯಾಮೆರಾ ಇಳಿಸ್ತೇವೆ. ಎಲ್ಲೆಲ್ಲಿ ಕರೆಂಟು ಅಡ್ಡಾದಿಡ್ಡಿ ಹರೀತದೋ ಅಲ್ಲಿ ಗೆರೆ ಎಳೆದ ಹಾಗೆ ಸುಡ್ತೇವೆ. ಹೃದಯದ ಮೇಲಿನ ಕೋಣೆಗೆ ಒಂದು ಸಣ್ಣ ಚೀಲ ಇದೆ. ರಕ್ತ ಅಲ್ಲಿ ನಿಂತು ಹೆಪ್ಪುಗಟ್ತದೆ. ಅದರ ಬಾಯಿಗೂ ಕ್ಲಿಪ್ ಹಾಕಿಬಿಡ್ತೇವೆ. ಅಲ್ಲಿವರೆಗೆ ರಕ್ತ ತೆಳು ಮಾಡುವ ಮಾತ್ರೆ ತಪ್ಪಿಸಬೇಡಿ" ಎಂದಿದ್ದರು.

ಕಾರ್ತಿಕದಲ್ಲಿ ದಿನ ಗೊತ್ತಾಯಿತು. ಆ ದಿನ ಬೆಳಿಗ್ಗೆ ಗಂಟಲೊಳಗೆ ನಳಿಕೆ ಇಳಿಸಿ ಹೃದಯವನ್ನು ನೋಡಿದಾಗ, ಕ್ಲಿಪ್ ಹಾಕಬೇಕಾಗಿದ್ದ ಚೀಲದಲ್ಲಿಯೇ ಹೆಪ್ಪು ಕುಳಿತಿತ್ತು. ಈಗ ಮುಟ್ಟಿದರೆ ಅದು ಕಳಚಿಕೊಂಡು ಮಿದುಳಿಗೆ ಏರೀತೆಂದು ಶಸ್ತ್ರಚಿಕಿತ್ಸೆಯನ್ನು ನಿಲ್ಲಿಸಿದರು. ಅವನನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಡಾಕ್ಟರು ಬಂದು ವಿಚಾರಣೆಗೆ ತೊಡಗಿದರು.

"ಮಾತ್ರೆ ಸರಿಯಾಗಿ ತಗೊಂಡಿದ್ದಾರಾ?"

"ಒಂದಿನ ತಪ್ಪಿಲ್ಲ ಸಾರ್. ನಾನೇ ಕೈಯಾರೆ ಕೊಟ್ಟೀನಿ" ಎಂದಳು ಮಾಸ್ತಮ್ಮ.

"ಊಟ ಏನು ಮಾಡ್ತಿದ್ರು?"

"ಊಟಕ್ಕೆಂತ ಕಮ್ಮಿ? ಭೂಮಿ ಹುಣ್ಣಿಮೆಯಿಂದ ಇತ್ಲಾಗೆ ದಿನಾ ಬೆರಕೆ ಸೊಪ್ಪೇ. ಹೊನಗೊನೆ, ನುಗ್ಗೆ, ಹರಿವೆ, ಬಸಳೆ, ಕೆಸು, ಕುಂಬಳದ ಕುಡಿ. ಬೇಲಿ ಬೇಲಿ ತಿರುಗಿ ಕುಯ್ದು ತಂದು ಮಾಡಿ ಹಾಕೀನಿ." ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಜೇಬಿಗಿಟ್ಟರು. "ಅಮ್ಮಾ, ಆ ಮಾತ್ರೆ ಮಾಡಿದ ಕೆಲಸವನ್ನ ಸೊಪ್ಪು ಅಳಿಸಿ ಹಾಕ್ತದೆ. ತಿನ್ನಲೇಬಾರದು ಅಂತಲ್ಲ, ಯಾವಾಗಲೂ ಒಂದೇ ಹದದಲ್ಲಿ ತಿನ್ನಬೇಕು. ಹೀಗೆ ಒಮ್ಮೆಲೇ ರಾಶಿ ಹಾಕಿದ್ರೆ ಮಾತ್ರೆ ಕೊಟ್ಟೂ ಕೊಡದ ಹಾಗೆ. ಇಷ್ಟು ದೊಡ್ಡ ವಿಷಯ, ಒಂದು ಮಾತು ಕೇಳಬೇಕಲ್ವಾ ನೀವು?"

ಮಾಸ್ತಮ್ಮನ ಮುಖ ಬಾಡಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನಂಗ್ಯಾರೂ ಹೇಳಿರ್ಲಿಲ್ಲ ಸಾರ್" ಎಂದಳು.

ಹೇಳಿದ್ದರು. ಅವಳಿಗಲ್ಲ, ಅವನಿಗೆ. ರಕ್ತ ಪರೀಕ್ಷೆಗೆಂದು ಸಾಗರಕ್ಕೆ ಹೋದಾಗ ಅಲ್ಲಿಯ ಡಾಕ್ಟರು ಮಂಜುನಾಥಪ್ಪನಿಗೆ ಇದೇ ಮಾತನ್ನು ಬಿಡಿಸಿ ಹೇಳಿದ್ದರು. ಅವನು ತಲೆಯಾಡಿಸಿ ಎದ್ದು ಬಂದಿದ್ದ.

ಅದನ್ನು ಅವನು ಮರೆತಿದ್ದನೆಂದರೆ ಸುಳ್ಳಾದೀತು. ಬಸಿರಾದ ಭೂಮಿಗೆ ಬಯಕೆಯೂಟ ಬಡಿಸುವ ಹಬ್ಬ ಭೂಮಿ ಹುಣ್ಣಿಮೆ. ಹೆಂಗಸರು ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದು, ಕಂಡ ಕಂಡ ಸೊಪ್ಪನ್ನೆಲ್ಲ ಬೆರೆಸಿ ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುನ್ನ ಮನೆಯ ಯಜಮಾನ ಆ ಅಡುಗೆಯನ್ನು ಗದ್ದೆಗೆ ಬೀರುತ್ತ, ಉಣ್ಣು ಬಾ ತಾಯಿ ಎಂದು ಕೂಗಿ ಕರೆಯಬೇಕು. ಅಪ್ಪ ತೀರಿಕೊಂಡ ವರ್ಷದಿಂದ ಆ ಕೂಗು ಮಂಜುನಾಥಪ್ಪನದು. ಅವನ ದನಿ ಆಚೆ ಕೇರಿಗೂ ಕೇಳುತ್ತಿತ್ತು. ಈ ವರ್ಷ ಗದ್ದೆಯಂಚಿನ ಮೇಲೆ ಒಂದಿಷ್ಟು ನಡೆಯುವಷ್ಟರಲ್ಲಿ ಉಸಿರು ಸಿಕ್ಕಿಕೊಂಡು, ಬಾಯಿ ತೆರೆದರೆ ಗಾಳಿಯೇ ಹೊರಟಿತು. ಮಗ ಸುನಿಲ್, "ನೀ ಕೂತ್ಕ ಅಪ್ಪಯ್ಯ, ನಾ ಬೀರ್ತೀನಿ" ಎಂದು ಬುಟ್ಟಿಯನ್ನು ತೆಗೆದುಕೊಂಡು ಹೋದ. ಒದ್ದೆ ಹುಲ್ಲಿನ ಮೇಲೆ ಕುಳಿತು, ಮಗನ ಪಳಗದ ದನಿ ತೆನೆಗಳ ನಡುವೆ ಹಾದು ಹೋಗುವುದನ್ನು ಅವನು ಕೇಳಿದ.

ಮನೆಗೆ ಬಂದಾಗ ಮಾಸ್ತಮ್ಮ ಬಾಳೆಲೆಯ ತುಂಬ ಸೊಪ್ಪು ಬಡಿಸಿದಳು. "ಬಸುರಿ ಭೂಮಿಗೇ ಕಸುವು ಕೊಡೋ ಸೊಪ್ಪು, ನಿಮ್ಮೆದೆಗೆ ಕೊಡದೆ ಇರ್ತದಾ? ಉಣ್ಣಿ."

ಸಾಗರದ ಡಾಕ್ಟರರ ಮಾತು ಅವನ ನೆನಪಿನ ಹೊಸ್ತಿಲಿಗೆ ಬಂದು ನಿಂತಿತು. ಆದರೆ ಭೂಮಿತಾಯಿಯನ್ನು ಕೂಗಿ ಕರೆಯಲಾರದವನು ಅವಳು ಉಂಡು ಮಿಕ್ಕಿದ್ದನ್ನೂ ಒಲ್ಲೆನೆಂದರೆ ಹೇಗೆ? ಉಂಡ. ಕಾಕತಾಳೀಯವೋ ಏನೋ, ಅಂದು ಸಂಜೆ ಗದ್ದೆಯವರೆಗೆ ನಿಲ್ಲದೆ ಹೋಗಿ ಬಂದ. "ಸೊಪ್ಪು ನಾಳೇನೂ ಮಾಡು" ಎಂದ. ಮಾಸ್ತಮ್ಮ ಹಿಗ್ಗಿ ಹೀರೇಕಾಯಿಯಾದಳು. ಆ ತಿಂಗಳು ರಕ್ತ ಪರೀಕ್ಷೆಗೆ, ಕೊಯ್ಲು ಹತ್ತಿರ ಬಂತೆಂದು ನೆಪ ಹೇಳಿ, ಅವನು ಸಾಗರದ ಬಸ್ಸು ಹತ್ತಲೇ ಇಲ್ಲ. ಹೋದರೆ ಸೊಪ್ಪು ಬಿಡಿಸುತ್ತಾರೆಂಬ ಭಯ ಅವನಿಗಿತ್ತು.

ಇಷ್ಟನ್ನು ಆ ಹೊತ್ತಿಗೇ ಡಾಕ್ಟರರ ಎದುರು ಹೇಳಿಬಿಡಬಹುದಿತ್ತು. ನಳಿಕೆ ಹೋಗಿ ಬಂದ ಗಂಟಲು ಉರಿಯುತ್ತಿದೆ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಆ ಆಮೇಲೆ ಎಂಬುದು ಮುಂದಕ್ಕೆ ಹೋಗುತ್ತಲೇ ಇತ್ತು.

ಹೆಪ್ಪು ಕರಗುವವರೆಗೆ ಕಾಯಬೇಕೆಂದರು. ಮಾತ್ರೆಯ ಪ್ರಮಾಣ ಬದಲಾಯಿತು. ಊರಿಗಿಂತ ತೀರ್ಥಹಳ್ಳಿ ಆಸ್ಪತ್ರೆಗೆ ಹತ್ತಿರವೆಂದು, ಅಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಮಗಳು ಕಾವ್ಯಾ ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡಳು. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ ಆ ಕ್ಷಣವೇ ಹೊರಟು ಬನ್ನಿರೆಂದು ಡಾಕ್ಟರು ಎಚ್ಚರಿಸಿದ್ದರು. ಅಲ್ಲಿಂದ ಮುಂದೆ ಬೆಳಗಾದರೆ ಮಾಸ್ತಮ್ಮನ ಪರೀಕ್ಷೆ ಶುರುವಾಗುತ್ತಿತ್ತು.

"ಎರಡೂ ಕೈ ಎತ್ತಿ. ಹಾಂ. ಈಗ ನಗಿ ನೋಡಾಣ."

"ನಗಾ ಅಂಥದ್ದು ಎಂತ ಆಗ್ಯದೆ ಇಲ್ಲಿ?"

"ಎಂತ ಆಗದಿದ್ರೂ ನಗಿ. ಬಾಯಿ ನೆಟ್ಟಗಿದೆಯಾ ನೋಡ್ಬೇಕು."

"ಮದ್ವೆಯಾದಾಗಿಂದ ಸೊಟ್ಟಗೇ ಇದೆ ಅಂತಿದ್ದೆಲ್ಲ."

ಅವಳು ನಗಲಿಲ್ಲ. ಅವನ ತುಟಿಯ ಎರಡು ತುದಿಗಳನ್ನೂ ಅಕ್ಕಸಾಲಿಗ ತಕ್ಕಡಿ ನೋಡಿದಂತೆ ನೋಡಿ, ನಿಟ್ಟುಸಿರು ಬಿಟ್ಟು ಎದ್ದು ಹೋದಳು.

ಅಡುಗೆಮನೆಗೆ ಮಾತ್ರ ಅವಳು ಹೋಗುತ್ತಿರಲಿಲ್ಲ. ಮೊದಲ ದಿನವೇ ಕಾವ್ಯಾ, "ಅಮ್ಮಾ, ನೀ ಒಲೆ ಹತ್ರ ಬರ್ಬೇಡ. ಅಪ್ಪಯ್ಯನ್ನ ಉಳಿಸ್ಕಳಾದು ಬೇಡ್ವಾ ನಿಂಗೆ?" ಎಂದಿದ್ದಳು. ಮಗಳ ಮಾತು ಕಡ್ಡಿ ಮುರಿದಂತೆ ಇರುವುದು ಹೊಸದಲ್ಲ. ಆದರೆ ಮಾಸ್ತಮ್ಮ ತಿರುಗಿ ಒಂದು ಮಾತು ಆಡದೆ ಕೇಳಿಸಿಕೊಂಡದ್ದು ಹೊಸದು. ಮೊಮ್ಮಕ್ಕಳನ್ನು ಎತ್ತಿದ, ಸಸಿ ಕಿತ್ತ, ಚಿತ್ತಾರ ಬರೆದ ಆ ಎರಡು ಕೈಗಳು ದಿನವಿಡೀ ಮಡಿಲಿನಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಒಂದು ದಿನ ಪಕ್ಕದ ಮನೆಯ ಹೂವಮ್ಮ ಕಾಂಪೌಂಡಿನ ಮೇಲಿಂದ ಒಂದು ಕಟ್ಟು ಬಸಳೆ ನೀಡಿದಾಗ, ಮಾಸ್ತಮ್ಮ ಬೆಂಕಿ ಕಂಡವಳಂತೆ ಹಿಂದಕ್ಕೆ ಸರಿದಳು. "ಬೇಡ ಹೂವಮ್ಮ. ನನ್ ಕೈಗೆ ಅದನ್ನ ಕೊಡ್ಬೇಡಿ. ಗಂಡನಿಗೆ ವಿಷ ಹಾಕಿದ ಕೈ ಇದು."

ಕಿಟಕಿಯ ಈಚೆ ಕುಳಿತಿದ್ದ ಮಂಜುನಾಥಪ್ಪ ಆ ಮಾತನ್ನು ಕೇಳಿದ. ಅವಳು ಒಳಗೆ ಬಂದಾಗ, "ಮಾಸ್ತಿ, ಇಲ್ಲಿ ಬಾ, ಒಂದ್ ವಿಷ್ಯ" ಎಂದ. ಅವಳು ಗಾಬರಿಯಿಂದ ಓಡಿಬಂದು, "ಕೈ ಸೋಲ್ತದಾ?" ಎಂದು ಅವನ ಎರಡೂ ಅಂಗೈಗಳನ್ನು ಹಿಡಿದುಕೊಂಡಳು. ಆ ಕಣ್ಣುಗಳ ಭಯದೆದುರು ಅವನು ಕಟ್ಟಿಕೊಂಡಿದ್ದ ಮಾತು ಚದುರಿತು. ಹೇಳಿದರೆ ಮಗಳು ಏನೆಂದಾಳು, ಸುನಿಲ್ ಏನೆಂದಾನು, ಊರು ಏನೆಂದೀತು? ನಾಲ್ಕು ಜನರ ತಪ್ಪುಒಪ್ಪು ತೂಗಿದವನು ತಿಳಿದೂ ತಿಳಿದೂ ತಿಂದು, ಹೆಂಡತಿಯ ತಲೆಗೆ ಕಟ್ಟಿ ಸುಮ್ಮನೆ ಕುಳಿತನಂತೆ. "ಎಂತ ಇಲ್ಲ. ನೀರು ಕೊಡು" ಎಂದ. ತಂದುಕೊಟ್ಟವಳು ಅವನು ಕುಡಿದು ಮುಗಿಸುವವರೆಗೂ ಅವನ ಬಾಯಿಯ ತುದಿಗಳನ್ನೇ ನೋಡುತ್ತ ನಿಂತಳು.

ಮಕರ ಸಂಕ್ರಾಂತಿ ಕಳೆದ ಮೇಲೆ ಮತ್ತೆ ನಳಿಕೆ ಇಳಿಸಿ ನೋಡಿದರು. ಹೆಪ್ಪು ಕರಗಿತ್ತು. ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟರು. ಆಗುಂಬೆಯ ತಿರುವುಗಳನ್ನು ಇಳಿಯುವಾಗ ಮಾಸ್ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅವನ ತಲೆ ಕುಲುಕದಂತೆ ತನ್ನ ಹೆಗಲಿಗೆ ಒರಗಿಸಿಕೊಂಡಿದ್ದಳು. ನಾಳೆ ಒಳಗೆ ಹೋಗುವ ಮುಂಚೆ ಹೇಳಿಯೇ ತೀರುವುದೆಂದು ಅವನು ಮನಸ್ಸಿನಲ್ಲಿಯೇ ಭೂಮಿತಾಯಿಯ ಮೇಲೆ ಆಣೆಯಿಟ್ಟ. ಹೇಳದೆ ಸತ್ತರೆ ಇವಳು ಉಳಿದ ಬದುಕನ್ನೆಲ್ಲ ಗಂಡನನ್ನು ಕೊಂದವಳಾಗಿಯೇ ಕಳೆಯಬೇಕು. ಆ ಯೋಚನೆಯ ಮುಂದೆ ಸಾವು ಕೂಡ ಸಣ್ಣದಾಗಿ ಕಂಡಿತು.

ಮರುದಿನ ಹತ್ತು ಗಂಟೆಯ ಮೇಲೆ ಕರೆಯುತ್ತೇವೆಂದಿದ್ದವರು ಬೆಳಗಾಗುತ್ತಲೇ ಬಂದರು. ಮೊದಲಿನ ರೋಗಿಗೆ ಜ್ವರ ಬಂದು ಇವನ ಸರದಿ ಮುಂಚಿತವಾಗಿಯೇ ಬಂದಿತ್ತು. ಮಾಸ್ತಮ್ಮ ಸ್ನಾನಕ್ಕೆಂದು ಕೆಳಗೆ ಹೋಗಿದ್ದಳು.

"ಹೆಂಡ್ತಿ ಬರ್ಲಿ ತಾಯಿ. ಒಂದು ಮಾತು ಹೇಳಾದು ಇದೆ" ಎಂದ.

"ಆಮೇಲೆ ಎಷ್ಟು ಬೇಕಾದ್ರೂ ಮಾತಾಡುವ ಅಜ್ಜ. ಡಾಕ್ಟ್ರು ಕಾಯ್ತಾ ಇದ್ದಾರೆ" ಎಂದಳು ನರ್ಸು.

"ಅವಳತ್ರ ಮಾತ್ರ ಹೇಳಾದು."

"ಹೌದು ಹೌದು, ಎಲ್ರೂ ಹಾಗೇ ಹೇಳುವುದು" ಎಂದು ಅವಳು ನಗುತ್ತ ಗಾಡಿಯನ್ನು ತಳ್ಳಿಸಿದಳು.

ಮಲಗಿ ಸಾಗುವವನಿಗೆ ಲೋಕವೆಂದರೆ ಬರಿಯ ಚಾವಣಿ. ದೀಪಗಳು ಒಂದರ ಹಿಂದೆ ಒಂದು ಹಾದುಹೋದವು. ಥಿಯೇಟರಿನ ಚಳಿಯಲ್ಲಿ ಯಾರೋ ಅವನ ತೋಳುಗಳನ್ನು ಪಕ್ಕಕ್ಕೆ ಕಟ್ಟಿದರು, ಯಾರೋ ಪಕ್ಕೆಲುಬುಗಳ ಮೇಲೆ ತಣ್ಣನೆಯ ದ್ರವ ಬಳಿದರು. ಅವನನ್ನು ಏನೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಮುಖದ ಮೇಲೆ ಮಾಸ್ಕು ಬಂದಾಗ, "ಸೊಪ್ಪು ನಾನೇ" ಎಂದು ಆರಂಭಿಸಿದ.

"ಮಾತಾಡ್ಬೇಡಿ, ಉಸಿರು ಎಳೀರಿ" ಎಂದಿತು ಒಂದು ದನಿ. ಎಳೆದ.

ಎಚ್ಚರವಾದಾಗ ಬಾಯಿಯ ತುಂಬ ಕೊಳವೆಯಿತ್ತು. ಅವನ ಪರವಾಗಿ ಯಂತ್ರವೊಂದು ಉಸಿರಾಡುತ್ತಿತ್ತು. ಎರಡು ಪಕ್ಕೆಗಳಲ್ಲೂ ಕಾದ ಕಬ್ಬಿಣ ಇಟ್ಟಂತೆ ನೋವು. ಕೊಳವೆಯನ್ನು ಕಿತ್ತುಕೊಂಡಾನೆಂದು ಮಣಿಕಟ್ಟುಗಳನ್ನು ಬಟ್ಟೆಯಿಂದ ಮಂಚಕ್ಕೆ ಬಿಗಿದಿದ್ದರು. ಡಾಕ್ಟರ್ ಗೌತಮ್ ಬಾಗಿ, "ಎಲ್ಲ ಚೆನ್ನಾಗಿ ಆಗಿದೆ. ಲಯ ಬಂದಿದೆ, ಚೀಲವನ್ನೂ ಮುಚ್ಚಿದ್ದೇವೆ. ಇನ್ನು ಕೆಲವು ತಿಂಗಳು ಹೆಚ್ಚುಕಮ್ಮಿ ಆಗಬಹುದು, ಹೆದರಬೇಡಿ. ಕೊಳವೆ ಸಂಜೆ ತೆಗೀತೇವೆ" ಎಂದರು.

ಅವರು ಸರಿದ ಜಾಗಕ್ಕೆ, ನೀಲಿ ನಿಲುವಂಗಿ ತೊಟ್ಟು ತಲೆಗೆ ಟೋಪಿ ಹಾಕಿಕೊಂಡ ಮಾಸ್ತಮ್ಮ ಬಂದು ನಿಂತಳು. ಎಲ್ಲಿ ಮುಟ್ಟಿದರೆ ಏನು ಕಳಚುವುದೋ ಎಂದು ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

"ಬದುಕಿದ್ರಿ. ಅಷ್ಟ್ ಸಾಕು ನಂಗೆ" ಎಂದಳು ಮೆಲ್ಲಗೆ. "ನಾ ಮಾಡಿದ ತಪ್ಪಿಗೆ ನೀವು ಇಷ್ಟೆಲ್ಲ ಅನುಭವಿಸ್ಬೇಕಾತು. ಸುನಿಲಂಗೂ ಹೇಳೀನಿ, ಇನ್ಮೇಲೆ ಅಡಿಗೆ ಸೊಸೆನೇ ಮಾಡ್ಲಿ. ನಾ ನಿಮ್ಗೆ ಬಡ್ಸಲ್ಲ. ನನ್ನ ಕ್ಷಮಿಸ್ಬೇಕು ನೀವು."

ಮಂಜುನಾಥಪ್ಪ ತಲೆಯನ್ನು ಅಡ್ಡಡ್ಡ ಆಡಿಸಿದ. ಕೊಳವೆ ಜಗ್ಗಿತು, ಗಂಟಲು ಉಬ್ಬಳಿಸಿತು, ಯಾವುದೋ ಯಂತ್ರದ ಗಂಟೆ ಹೊಡೆದುಕೊಂಡಿತು. ಅವನು ಮತ್ತೆ, ಇನ್ನೂ ಜೋರಾಗಿ ತಲೆಯಾಡಿಸಿದ. ಕಣ್ಣಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು. ನರ್ಸು ಓಡಿಬಂದು ಅವನ ಹಣೆಯನ್ನು ಒತ್ತಿ ಹಿಡಿದಳು. "ಅಲ್ಲಾಡ್ಬೇಡಿ ಅಜ್ಜ, ಹೊಲಿಗೆ ಬಿಟ್ಟೀತು."

ಮಾಸ್ತಮ್ಮ ಹಿಂದಕ್ಕೆ ಸರಿದಿದ್ದಳು. "ಆಗ್ಲಿ ಬಿಡಿ" ಎಂದಳು ನರ್ಸಿಗೆ. ದನಿಯಲ್ಲಿ ದೂರು ಇರಲಿಲ್ಲ. "ನನ್ ಕಂಡು ಸಿಟ್ಟು ಬಂತು ಅವರಿಗೆ. ಬರ್ದೆ ಇರ್ತದಾ? ನಾ ಹೊರಗೆ ಇರ್ತೀನಿ. ಎದೆಗೆ ಆಯಾಸ ಆಗ್ಬಾರ್ದು."

ನರ್ಸು ಕೈಯ ನಾಳಕ್ಕೆ ಏನನ್ನೋ ಹರಿಸಿದಳು. ಮಂಜುನಾಥಪ್ಪ ಬೆರಳುಗಳನ್ನು ಚಾಚಿದ. ಸಿಕ್ಕಿದ್ದು ಹಾಸಿಗೆಯ ಅಂಚು. ಬಾಗಿಲ ಬಳಿ ಮಾಸ್ತಮ್ಮ ನಿಲುವಂಗಿಯನ್ನು ಬಿಚ್ಚಿ, ಎರಡಾಗಿ ಮಡಿಸಿ ಸ್ಟೂಲಿನ ಮೇಲಿಡುವುದು ಕಂಡಿತು. ಅವಳು ಈ ಕಡೆ ತಿರುಗಲಿಲ್ಲ. ತೋಳಿನಿಂದ ಮೇಲೇರಿದ ಮಂಪರು ಕುತ್ತಿಗೆಯವರೆಗೆ ಬಂದಿತು. ಎದೆಯೊಳಗೆ, ಎಷ್ಟೋ ಕಾಲದ ಮೇಲೆ, ಹೃದಯ ಒಂದೇ ಸಮನೆ ಬಡಿಯುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿ, ಆ ಗಂಟೆ ಹೊಡೆಸಿಯಾದರೂ ಅವಳನ್ನು ಕರೆಯಬೇಕೆನ್ನಿಸಿತು ಅವನಿಗೆ. ಅದು ಅವನ ಮಾತನ್ನು ಕೇಳದೆ ಬಡಿಯುತ್ತಲೇ ಇತ್ತು.